ಪಿತ್ತಕೋಶಕ್ಕೆ ಚುಚ್ಚಿದ ಸೂಜಿ

ಸರಿಯಾದ ಉತ್ತರ ಬರೆದ ಹುಡುಗಿಗೆ ಲೆಕ್ಚರರ್ ಸೊನ್ನೆ ಹಾಕಿದರು.

ಪ್ರಾಯೋಗಿಕ ಪರೀಕ್ಷೆಯಲ್ಲಿ, ಕೊಯ್ದಿಟ್ಟ ಕಪ್ಪೆಯ ಒಂದು ಅಂಗಕ್ಕೆ ಗುಂಡುಸೂಜಿ ಚುಚ್ಚಿ ಅದರ ಹೆಸರನ್ನೂ ಕೆಲಸವನ್ನೂ ಕೇಳಿದ್ದರು. ಹುಡುಗಿ ಪಿತ್ತಕೋಶ ಎಂದು ಬರೆದಿದ್ದಳು. ಲೆಕ್ಚರರ ಬಳಿಯಿದ್ದ ಉತ್ತರ ಹೃದಯ. ಆ ಸೊನ್ನೆಯಿಂದ ಅವಳು ಫೇಲಾಗುತ್ತಿದ್ದಳು, ಪ್ರಿನ್ಸಿಪಾಲರಿಗೆ ದೂರು ಕೊಟ್ಟಳು. ಅವರು ಕಪ್ಪೆಯನ್ನೇ ನೋಡಲು ಹೊರಟಿದ್ದಾರೆಂದು ತಿಳಿದಾಗ ಲೆಕ್ಚರರ್ ಲ್ಯಾಬಿಗೆ ಓಡಿಬಂದರು. ಮಡಿ ಕೆಡುತ್ತದೆಂದು ಅವರು ಎಂದೂ ಕಪ್ಪೆ ಮುಟ್ಟಿದವರಲ್ಲ. ಕೊಯ್ಯುವುದು, ಚುಚ್ಚುವುದು ಎಲ್ಲ ಅಟೆಂಡರ್ ಹುಲಿಗೆವ್ವನ ಕೈಯಿಂದ.

"ನಾ ಹೃದಯ ತೋರಿಸಿದ್ರ ನೀ ಎಲ್ಲಿ ಚುಚ್ಚೀದಿ?"

"ನಿಮ್ಮ ಕೋಲು ತೋರಿಸಿದಲ್ಲೇ ಚುಚ್ಚೀನ್ರಿ ಸರ್. ನೀವು ಮಾರು ದೂರ ನಿಂತು, ಮೂಗು ಮುಚ್ಕೊಂಡು ತೋರಿಸಿದ್ರಿ."

"ಅದು ಹೃದಯ ಅಲ್ಲಂತ ನಿನಗ್ಯಾರು ಕಲಿಸಿದ್ರು?"

"ಹನ್ನೆರಡು ವರ್ಷ ಕೊಯ್ದಾಕಿ ನಾನು. ಹೃದಯ ಅಂದ್ರ ಗಟ್ಟಿ ಮಾಂಸ ಇರತೈತಿ, ರಕ್ತ ದೂಡಬೇಕಲ್ರಿ. ಇದು ತೆಳ್ಳನ ಚೀಲ, ಪಿತ್ತ ಕೂಡಿಡಾಕಷ್ಟೇ. ಆ ಹುಡುಗಿ ಬರದದ್ದ ಖರೆ."

ಮೆಟ್ಟಿಲ ಮೇಲೆ ಬೂಟಿನ ಸಪ್ಪಳ ಕೇಳಿಸಿತು. ಲೆಕ್ಚರರ್ ಬಾಗಿಲ ಕಡೆ ನೋಡಿದರು, ಕಪ್ಪೆಯ ಕಡೆ ನೋಡಿದರು, ಮತ್ತೆ ಬಾಗಿಲ ಕಡೆ ನೋಡಿದರು.

"ಲಗೂನ ಆ ಸೂಜಿ ಕಿತ್ತು ಹೃದಯಕ್ಕ ಚುಚ್ಚು. ಇಲ್ಲಾಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಹುಲಿಗೆವ್ವ ನಲ್ಲಿ ತಿರುಗಿಸಿ, ಸೋಪು ಹಚ್ಚಿ ಮೊಣಕೈವರೆಗೆ ತೊಳೆದುಕೊಂಡಳು. ಸೆರಗಿನಿಂದ ಒರೆಸಿಕೊಂಡು ಗೋಡೆಯತ್ತ ಸರಿದು ನಿಂತಳು.

"ನೀವ ಚುಚ್ರಿ ಸರ್. ಇವತ್ತ ನಾ ಮಡಿಯಾಗ ಅದೀನಿ, ಮುಟ್ಟಂಗಿಲ್ಲ."