ಮೇಷ್ಟ್ರ ಜೋಡಿ

ಗಂಟೆ ಮೊಳಗುತ್ತಲೇ ಇತ್ತು. ಅದು ನಿಲ್ಲುವುದರೊಳಗೆ ಸದನದ ಬಾಗಿಲು ದಾಟಿದವರಿಗೆ ಮಾತ್ರ ಮತ. ಉಪಸಚಿವರು ಮೊಗಸಾಲೆಯ ಕಂಬಕ್ಕೆ ಒರಗಿ, ಹೊರಗಿಳಿಯುವ ಮೆಟ್ಟಿಲುಗಳನ್ನೇ ನೋಡುತ್ತ ನಿಂತಿದ್ದರು.

"ಅಣ್ಣಾ, ಎಲ್ಲಿಗೆ ಹೊರಟ್ರಿ?" ಸಚೇತಕ ಓಡಿಬಂದು ತೋಳು ಹಿಡಿದ. ಮತದ ಹೊತ್ತಿಗೆ ಸರ್ಕಾರಿ ಪಕ್ಷದವರನ್ನೆಲ್ಲ ಒಳಗೆ ಅಟ್ಟುವುದು ಅವನ ಕೆಲಸ.

"ನಾನು ಮೇಷ್ಟ್ರಿಗೆ ಜೋಡಿ ಕಣಯ್ಯ. ಮಾತು ಕೊಟ್ಟಿದ್ದೀನಿ."

ಜೋಡಿ ಆ ಸದನದ ಹಳೆಯ ಪದ್ಧತಿ. ಒಂದು ಪಕ್ಷದವರೊಬ್ಬರಿಗೆ ಬರಲಾಗದ ಕಷ್ಟ ಎದುರಾದರೆ, ಎದುರು ಪಕ್ಷದ ಒಬ್ಬರು ತಾವೂ ಮತ ಹಾಕದೆ ಉಳಿಯುತ್ತಾರೆ. ಲೆಕ್ಕ ಸರಿಹೋಗುತ್ತದೆ. ಇದಕ್ಕೆ ಕಾನೂನಿಲ್ಲ, ಸಹಿ ಇಲ್ಲ. ಕೈ ಕುಲುಕಿದರೆ ಆಯಿತು.

ಮೇಷ್ಟ್ರು ವಿರೋಧ ಪಕ್ಷದ ಹಿರಿಯರು. ಪಾಠ ಹೇಳುವುದು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಹೆಸರು ಅಂಟಿಕೊಂಡಿತ್ತು. ನಿನ್ನೆ ತಾವಾಗಿ ಹುಡುಕಿಕೊಂಡು ಬಂದು ಕೈ ಚಾಚಿದ್ದರು. "ನಾಳೆ ಮನೆಯವಳಿಗೆ ಆಪರೇಷನ್. ಜೋಡಿ ಆಗ್ತೀಯೇನಯ್ಯ?" ಪಕ್ಕದಲ್ಲೇ ಇದ್ದ ಸರ್ಕಾರಿ ಪಕ್ಷದ ವಕೀಲರು, ವಕೀಲರಾಗಿದ್ದೂ ಕೊಟ್ಟ ಮಾತಿಗೆ ತಪ್ಪದವರೆಂದು ಹೆಸರಾದವರು, "ನಾನಿದ್ದೀನಲ್ಲ ಮೇಷ್ಟ್ರೇ" ಎಂದಿದ್ದರು. "ನೀವು ಬೇಡ ಸ್ವಾಮಿ. ನನಗೆ ಇವನೇ ಸರಿ" ಎಂದು ಮೇಷ್ಟ್ರು ಉಪಸಚಿವರ ಭುಜ ತಟ್ಟಿದ್ದರು.

ಆ ಭುಜ ಇನ್ನೂ ಬೆಚ್ಚಗಿತ್ತು.

"ಸಮಸಮ ಇದೆ ಅಣ್ಣಾ," ಸಚೇತಕ ದನಿ ತಗ್ಗಿಸಿದ. "ಸಮ ಬಂದ್ರೆ ಸೇತುವೆ ಮಸೂದೆ ಬಿತ್ತು. ಅದರ ಹಿಂದೆ ನಮ್ಮ ಸರ್ಕಾರಾನೂ ಬಿತ್ತು. ನೀವೊಬ್ಬರು ಕೈ ಎತ್ತಿದ್ರೆ, ನಾಳೆ ನಿಮ್ಮ ಮುಂದಿರೋ ಆ 'ಉಪ' ಉದುರಿಹೋಗುತ್ತೆ. ದೊಡ್ಡವರೇ ಹೇಳಿಕಳಿಸಿದಾರೆ."

ಉಪಸಚಿವರು ಆ ಸದನದಲ್ಲೇ ಕೂದಲು ನರೆಸಿಕೊಂಡವರು. ಸರ್ಕಾರಗಳು ಬಂದವು, ಹೋದವು. ಇವರು ಮಾತ್ರ ಹೋಗಲಿಲ್ಲ, ಮೇಲಕ್ಕೂ ಹೋಗಲಿಲ್ಲ. ಮೀನುಗಾರಿಕೆ, ಅಂಚೆ, ರಸ್ತೆ. ಖಾತೆ ಬದಲಾಯಿತೇ ಹೊರತು ಕುರ್ಚಿಯ ಎತ್ತರ ಬದಲಾಗಲಿಲ್ಲ. ಸಚಿವರಿಗೆ ನೆಗಡಿಯಾದ ದಿನ ಎದ್ದು ನಿಂತು "ಪರಿಶೀಲಿಸಲಾಗುವುದು" ಎನ್ನುವುದೇ ಇವರ ಪಾಲಿನ ಭಾಷಣ. ಆ ಕುರ್ಚಿಗಾಗಿಯೂ ಪಡಬಾರದ ಪಾಡು ಪಟ್ಟಿದ್ದರು. ಪಕ್ಷ ಬಿಟ್ಟಿದ್ದರು, ಮತ್ತೆ ಸೇರಿದ್ದರು. ಒಮ್ಮೆ ಮಧ್ಯಾಹ್ನ ಒಬ್ಬ ನಾಯಕರ ಕೈಮೇಲೆ ಕೈಯಿಟ್ಟು ಆಣೆ ಮಾಡಿ, ಸಂಜೆ ಇನ್ನೊಬ್ಬರ ಮನೆಯಲ್ಲಿ ಊಟಕ್ಕೆ ಕೂತಿದ್ದರು. ರಾಜಕೀಯದಲ್ಲಿ ಇದೆಲ್ಲ ಇದ್ದದ್ದೇ ಎಂದು ನಿದ್ದೆಯನ್ನೂ ಮಾಡಿದ್ದರು. ಮೊಮ್ಮಗಳು "ತಾತ, ಉಪ ಅಂದ್ರೆ ಏನು?" ಎಂದು ಕೇಳಿದ ದಿನ ಮಾತ್ರ ನಿದ್ದೆ ಬಂದಿರಲಿಲ್ಲ.

ಆದರೆ ಮೇಷ್ಟ್ರ ವಿಷಯ ಬೇರೆ. ಮೊದಲ ಭಾಷಣದ ದಿನ ಇವರು ತಡವರಿಸುತ್ತಿದ್ದಾಗ, ಎದುರು ಸಾಲಿನಿಂದ ನೀರಿನ ಲೋಟ ಕಳಿಸಿದವರು ಅವರು.

ನಿನ್ನೆ ಚರ್ಚೆಯಲ್ಲಿ ಅವರ ಮುಖ ನೋಡಲಾಗುತ್ತಿರಲಿಲ್ಲ. ಸೇತುವೆ ಕಟ್ಟಬೇಕಿದ್ದ ಹೊಳೆಯ ಆಚೆ ದಡ ಅವರದೇ ಕ್ಷೇತ್ರ. ಹೋದ ವರ್ಷ ದೋಣಿ ಮುಗುಚಿ ಶಾಲೆಮಕ್ಕಳು ಮುಳುಗಿದ್ದು ಅಲ್ಲೇ. ಆದರೂ ಪಕ್ಷದ ಅಪ್ಪಣೆ, ಸೇತುವೆಯನ್ನು ವಿರೋಧಿಸಿದರು. ಎಂದೂ ಚೀಟಿ ಹಿಡಿಯದವರು ಚೀಟಿ ನೋಡಿ ಓದಿದರು, ಅರ್ಧಕ್ಕೇ ಕೂತುಬಿಟ್ಟರು. ಪಾಪ, ಹೆಂಡತಿಯ ಚಿಂತೆ, ಎಂದುಕೊಂಡಿದ್ದರು ಉಪಸಚಿವರು.

ಗಂಟೆ ನಿಲ್ಲುವುದರಲ್ಲಿತ್ತು.

ಉಪಸಚಿವರು ಒಳಗೆ ಹೋದರು.

ಮೇಷ್ಟ್ರ ಕೈ ಕುಲುಕಿದ್ದ ಬಲಗೈಯೇ ಮೇಲೆ ಹೋಯಿತು. ಒಂದೇ ಮತದಿಂದ ಮಸೂದೆ ಗೆದ್ದಿತು. ಎದುರು ಸಾಲು ಎದ್ದು ನಿಂತು ಕೂಗಿತು: "ಮಾತುಗೇಡಿ! ಮಾತುಗೇಡಿ!" ಇವರ ಕಡೆಯವರು ಬಂದು ಬೆನ್ನು ತಟ್ಟಿದರು. ವಕೀಲರು ಮಾತ್ರ ಬರಲಿಲ್ಲ.

ಸಂಜೆ ಸಚೇತಕ ಕರೆದ ಔತಣಕ್ಕೆ ಹೋಗದೆ ಉಪಸಚಿವರು ಆಸ್ಪತ್ರೆಗೆ ಹೋದರು. ಫಿನಾಯಿಲ್ ವಾಸನೆಯ ಓಣಿಯಲ್ಲಿ ಬಲಗೈಯನ್ನು ಜೇಬಿನೊಳಗೆ ತುರುಕಿಕೊಂಡು ನಡೆದರು. ಆಕೆಗೆ ಹೆಚ್ಚುಕಡಿಮೆ ಆಗಿದ್ದರೆ? ಹೆಂಡತಿಯ ತಲೆದಿಂಬಿನ ಬಳಿ ಕೂತ ಮನುಷ್ಯನ ಬೆನ್ನಿಗೆ ಚೂರಿ ಹಾಕಿ ಬಂದೆನಲ್ಲ! ಬಾಗಿಲ ಮುಂದೆ ನಿಂತು ಎರಡು ಸಲ ಹಿಂತಿರುಗಿದರು. ಮೂರನೆಯ ಸಲ ತಳ್ಳಿದರು.

"ಬನ್ನಿ ಅಣ್ಣಾ!" ಮೇಷ್ಟ್ರ ಹೆಂಡತಿ ಕಾಲು ಇಳಿಬಿಟ್ಟು ಮಂಚದ ಮೇಲೆ ಕೂತಿದ್ದರು. ಒಂದು ಕಣ್ಣಿಗೆ ಪಟ್ಟಿ. "ಕಣ್ಣಿನ ಪೊರೆ ತೆಗೆದ್ರು, ಅಷ್ಟೇ. ಕಾಫಿ ಆರೋದ್ರೊಳಗೆ ಮುಗೀತು. ಇಷ್ಟು ದಿನ ಆಮೇಲೆ ನೋಡೋಣ ಅಂತಿದ್ದವರು, ಈ ವಾರ ಇದ್ದಕ್ಕಿದ್ದ ಹಾಗೆ ಇವತ್ತೇ ಆಗ್ಬೇಕು ಅಂತ ಡಾಕ್ಟ್ರ ಹತ್ರ ಜಗಳ ಆಡಿದ್ರು ನೋಡಿ!"

ಅದೊಂದೂ ಉಪಸಚಿವರ ಕಿವಿಗೆ ಇಳಿಯಲಿಲ್ಲ. ಕಿಟಕಿಯ ಬಳಿ ಮೇಷ್ಟ್ರು ಕಿತ್ತಳೆ ಸುಲಿಯುತ್ತಿದ್ದರು. ಪಕ್ಕದಲ್ಲಿ ರೇಡಿಯೋ.

"ಮೇಷ್ಟ್ರೇ, ನಾನು..."

"ಕೇಳಿದೆ. ಕೂತ್ಕೋ."

"ಕೂರಲ್ಲ. ಮುಖಕ್ಕೆ ಉಗೀರಿ, ಹೋಗ್ತೀನಿ. ನೀವು ನನ್ನನ್ನ ನಂಬಿದ್ರಿ."

"ನಂಬಿದ್ದೆ. ನಿನ್ನೆ ರಾತ್ರಿಯೆಲ್ಲ ನಿದ್ದೆಯಿಲ್ಲ ಕಣಯ್ಯ, ಎಲ್ಲಿ ಹುಸಿಯಾಗುತ್ತೋ ಅಂತ." ಮೇಷ್ಟ್ರು ಎದ್ದು ಬಂದು, ಜೇಬಿನಿಂದ ಆ ಬಲಗೈಯನ್ನು ಹೊರಗೆಳೆದು, ಅದರಲ್ಲಿ ಕಿತ್ತಳೆ ತೊಳೆಗಳನ್ನಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು. "ಆ ಮಕ್ಕಳ ಚೀಲಗಳನ್ನ ಹೊಳೆಯಿಂದ ಎತ್ತಿದವನು ನಾನು. ಸೇತುವೆಗೆ ನಾನೇ ಕೈ ಎತ್ತಿದ್ರೆ, ಜೋಡಿ ಇಲ್ಲದೆ ಗೈರಾದ್ರೂ, ಪಕ್ಷ ನನ್ನನ್ನ ಹೊರಗೆ ದಬ್ಬೋದು. ವಕೀಲರು ಜೋಡಿ ಆಗಿದ್ರೆ ಮಾತು ಉಳಿಸಿಕೊಂಡು ಸೇತುವೆ ಮುಳುಗಿಸೋರು."

ಉಪಸಚಿವರು ತಲೆಯೆತ್ತಿದರು.

"ಇಡೀ ಸದನದಲ್ಲಿ, ಖಂಡಿತ ಮಾತಿಗೆ ತಪ್ಪುತ್ತಾನೆ ಅಂತ ಕಣ್ಣು ಮುಚ್ಚಿಕೊಂಡು ನಂಬಬಹುದಾಗಿದ್ದವನು ನೀನೊಬ್ಬನೇ."