ಗುಡಿಸಿಹಾಕಿದ್ದು

"ಆ ಹಾಳು ಜಾಹೀರಾತೆಲ್ಲ ತೊಲಗಿದ್ವಾ?" ಡಾರ್ಲಾ ಅಡುಗೆಮನೆಯಿಂದಲೇ ಕೂಗಿದಳು.

"ಒಂದೂ ಇಲ್ಲ ಕಣೇ, ಬಾ ನೋಡು!" ಗಂಡ ಲೈಲ್ ಬೀಗಿದ. ದಿನಸಿ ಕೂಪನ್ನಿನ ಆಸೆಗೆ ತಾನೇ ಕಂಪ್ಯೂಟರಿಗೆ ಇಳಿಸಿಕೊಂಡಿದ್ದ ಪೀಡೆ ಪ್ರೋಗ್ರಾಮನ್ನು ಕಿತ್ತೊಗೆದು, ಬ್ರೌಸರ್ ನೆನಪಿಟ್ಟುಕೊಂಡಿದ್ದನ್ನೆಲ್ಲ ಗುಡಿಸಿಹಾಕಿದ್ದ.

ಡಾರ್ಲಾ ಕಾಫಿ ಹಿಡಿದು ಬಂದು ಕೂತಳು. ತೀರಿಹೋದ ಮಗಳು ಟೆಸ್ಸಾಳ ಇಮೇಲ್ ಆ ಕಂಪ್ಯೂಟರಿನಲ್ಲಿ ಸದಾ ತೆರೆದೇ ಇರುತ್ತಿತ್ತು. ಅದರಲ್ಲೊಂದು ಪತ್ರ ಓದದೆ ಅವಳು ಬೆಳಗಿನ ಕಾಫಿ ಮುಟ್ಟುತ್ತಿರಲಿಲ್ಲ. ಇವತ್ತು ಪರದೆ ಪಾಸ್‌ವರ್ಡ್ ಕೇಳಿತು. ಅದು ಗೊತ್ತಿದ್ದವಳು ಟೆಸ್ಸಾ ಒಬ್ಬಳೇ.

"ಏನ್ ಮಾಡ್ಬಿಟ್ಟೆ, ಲೈಲ್?"

ಹಾಗಾದರೂ ಎಲ್ಲ ಮೊದಲಿನಂತಾದೀತೆಂದು ಅವನು ಅದೇ ಕೂಪನ್ ಪೀಡೆಯನ್ನು ಹುಡುಕಿ ಮತ್ತೆ ಇಳಿಸಿಕೊಂಡ. ಡಾರ್ಲಾ ತಡೆಯಲಿಲ್ಲ. ಜಾಹೀರಾತುಗಳು ಒಂದೂ ಬಿಡದೆ ವಾಪಸು ಬಂದವು. ಟೆಸ್ಸಾ ಬರಲಿಲ್ಲ.