ಮೂರನೆಯ ತಟ್ಟು

“ತಪ್ಪು ನಂದೇ ಫಿಟ್ಟರಣ್ಣ. ಆವತ್ತು ಮಿಷಿನ್ನಿಗೆ ಎರಡೇ ಸಲ ತಟ್ಟಿದ್ದೆ ಅನ್ಸುತ್ತೆ,” ಎಂದ ಆಪರೇಟರ್ ಗುಂಗುರು, ಬ್ಯಾಂಡೇಜು ಸುತ್ತಿದ ಬಲಗೈಯನ್ನು ಆಸ್ಪತ್ರೆಯ ದಿಂಬಿನ ಮೇಲೆ ಎತ್ತಿಟ್ಟುಕೊಳ್ಳುತ್ತಾ. ತಗಡು ಒತ್ತುವ ಪ್ರೆಸ್ಸು ಅವನ ಮೂರು ಬೆರಳು ತಿಂದು ಎಂಟು ದಿನವಾಗಿತ್ತು.

ಫಿಟ್ಟರನಿಗೆ ಮೈಯೆಲ್ಲ ಉರಿಯಿತು. ಅವನು ಬಂದಿದ್ದೇ ಒಂದು ರುಜುವಿಗೆ. ಪ್ರೆಸ್ಸಿನ ಬಾಯಿಗೆ ಕೈ ತಡೆಯುವ ಜಾಲರಿ ಇಲ್ಲ, ಎರಡು ವರ್ಷದಿಂದ ಬಾಯಿ ಬಡಿದುಕೊಂಡರೂ ಹಾಕಿಸಿಲ್ಲ ಎಂದು ದೂರು ಬರೆದು ತಂದಿದ್ದ. ಬೆರಳು ಕಳೆದುಕೊಂಡವನೇ ರುಜು ಹಾಕಿದರೆ, ಜಾಲರಿ ಹಾಕಿಸುವ ತನಕ ಸರ್ಕಾರದವರು ಮಿಷಿನ್ನಿಗೆ ಬೀಗ ಜಡಿಯುತ್ತಿದ್ದರು.

“ತಟ್ಟೋದು ಹೇಳ್ಕೊಟ್ಟವನೇ ನಾನು ಮಾರಾಯ! ಒಂಬತ್ತು ವರ್ಷದ ಹಿಂದೆ ಸ್ವಿಚ್ಚು ಸಿಕ್ಕಾಕ್ಕೊಳ್ತಿತ್ತು. ಮೂರು ಸಲ ತಟ್ಟಿ, ಬಿಟ್ಕೊಳ್ಳುತ್ತೆ ಅಂದೆ. ತಿಂಗಳಲ್ಲಿ ಹೊಸ ಸ್ವಿಚ್ಚೇ ಹಾಕ್ದೆ. ನೀವು ತಟ್ಟೋದು ಬಿಡ್ಲಿಲ್ಲ!”

“ಬಿಡ್ಲಿಲ್ಲ, ಅದಕ್ಕೇ ಇಷ್ಟು ವರ್ಷ ಯಾರಿಗೂ ಏನೂ ಆಗ್ಲಿಲ್ಲ.”

“ಮತ್ತೆ ಅದೇ ಮಿಷಿನ್ನಲ್ಲಿ ಕುಳ್ಳನ ಹೆಬ್ಬೆರಳು ಹೋಯ್ತಲ್ಲ?”

“ಅವನು ಮನಸ್ಸಿಟ್ಟು ತಟ್ತಿರ್ಲಿಲ್ಲ. ಎಲ್ಲರಿಗೂ ಗೊತ್ತಿರೋ ವಿಷ್ಯ.”

ಫಿಟ್ಟರ್ ಹಲ್ಲು ಕಚ್ಚಿದ. ಮೊದಲ ಸಲ ಯಾರೋ ತಟ್ಟಿದ ಕೈಯನ್ನು ಭಕ್ತಿಯಿಂದ ಎದೆಗೆ ಮುಟ್ಟಿಸಿಕೊಂಡಾಗ ನಕ್ಕು ಸುಮ್ಮನಾಗಿದ್ದವನು ತಾನೇ. ಮಿಷಿನ್ನಿನ ಹತ್ತಿರ ಯಾರೂ ಕೆಟ್ಟ ಮಾತಾಡಬಾರದೆಂದಾಯಿತು, ಆಗಲೂ ನಕ್ಕಿದ್ದ. ಕಡೆಗೆ ಓದಿದ ಮ್ಯಾನೇಜರನೇ ‘ಮೂರು ಸಲ ತಟ್ಟಿ ಕೆಲಸ ಆರಂಭಿಸಿ’ ಎಂದು ಬೋರ್ಡು ಹಾಕಿಸಿದ. ಜಾಲರಿಗಿಂತ ಬೋರ್ಡು ಅಗ್ಗ.

ಮಂಚದ ಕೊನೆಯಲ್ಲಿ ಗುಂಗುರುವಿನ ಹೆಂಡತಿ ಹೊಸ ಯೂನಿಫಾರ್ಮಿಗೆ ಗುಂಡಿ ಹೊಲಿಯುತ್ತಿದ್ದಳು. ಗಂಡನ ಜಾಗಕ್ಕೆ ನಾಳೆಯಿಂದ ಇವಳು. ಮ್ಯಾನೇಜರ್ ದೊಡ್ಡ ಮನಸ್ಸು ಮಾಡಿದ್ದ.

“ತಂಗೀ, ನೀನಾದ್ರೂ ಬುದ್ಧಿ ಹೇಳಮ್ಮ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಏನು ಸಂಬಂಧ? ಎಡಗೈಲಾದ್ರೂ ಒಂದು ರುಜು ಹಾಕ್ಸು.”

“ಬೀಗ ಬಿದ್ರೆ ತೆಗೆಯೋದು ಯಾವಾಗ ಅಣ್ಣಾ?”

“ತಿಂಗಳಾಗ್ಬೋದು... ಎರಡಾಗ್ಬೋದು.”

“ಅಲ್ಲೀತನಕ ಹೊಟ್ಟೆಗೆ?”

ಅವಳು ಹಲ್ಲಿನಿಂದ ದಾರ ಕಡಿದು, ಫಿಟ್ಟರನ ಕೈಯಲ್ಲಿದ್ದ ದೂರಿನ ಕಾಗದವನ್ನು ಮೆಲ್ಲಗೆ ತೆಗೆದುಕೊಂಡು, ನಾಲ್ಕಾಗಿ ಮಡಚಿ ಅವನ ಜೇಬಿಗೇ ಇಟ್ಟಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ನೀವು ಹೇಳೋದೇ ನಿಜ ಇರ್ಬೋದು ಅಣ್ಣಾ. ಆದ್ರೆ ಅದು ನಿಜ ಅಂತ ಗೊತ್ತಿಟ್ಕೊಂಡು ನಾಳೆ ಆ ಮಿಷಿನ್ ಮುಂದೆ ಹ್ಯಾಗೆ ಕೂತ್ಕೊಳ್ಳಲಿ, ಅದನ್ನ ಹೇಳಿ.”